ಬೆಂಗಳೂರಿಗೆ ಬರುವ ಮುನ್ನ ಸುನಿಲ್ ಚೆಟ್ರಿ: ಆರಂಭದ ವರ್ಷಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಫುಟ್‌ಬಾಲ್ ಪ್ರೇಮಿಗಳಲ್ಲಿ ಹೆಚ್ಚಿನವರು ಸುನಿಲ್ ಚೆಟ್ರಿ ಅವರನ್ನು ಮೊದಲು ಹತ್ತಿರದಿಂದ ಕಂಡದ್ದು 2013ರಲ್ಲಿ, ಅವರು ಬೆಂಗಳೂರು ಎಫ್‌ಸಿ ತಂಡಕ್ಕೆ ಬಂದಾಗ. ಆಗ ಅವರಿಗೆ 29 ವರ್ಷ. ಹೊಸ ಪೀಳಿಗೆಯ ಅಭಿಮಾನಿಗಳಿಗೆ ಅವರು ನಾಯಕನಾಗಿಯೇ, ಗೋಲುಗಳ ಸರದಾರನಾಗಿಯೇ ಪರಿಚಯ. ಆದರೆ ಅದಕ್ಕೂ ಮೊದಲು ಹನ್ನೆರಡು ವರ್ಷಗಳ ಒಂದು ದಾರಿ ಇತ್ತು. ಕಾಯುವಿಕೆ, ಬೆಂಚು, ಊರಿಂದೂರಿಗೆ ಅಲೆದಾಟ, ಕೈಗೆ ಬಂದು ತಪ್ಪಿಹೋದ ಅವಕಾಶಗಳು ಎಲ್ಲವೂ ಆ ದಾರಿಯಲ್ಲಿದ್ದವು. ನಮ್ಮ ದೇಶದಲ್ಲಿ ಒಬ್ಬ ಮುನ್ಪಡೆ ಆಟಗಾರ (ಫಾರ್ವರ್ಡ್) ತಯಾರಾಗುವುದು ಎಷ್ಟು ಕಷ್ಟ, ಅದಕ್ಕೆ ಏನು ಬೇಕು ಎಂಬುದು ಆ ವರ್ಷಗಳನ್ನು ನೋಡಿದರೆ ಸ್ಪಷ್ಟವಾಗುತ್ತದೆ. ಅವುಗಳ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಉತ್ತರಿಸಲಾಗಿದೆ.

ಚೆಟ್ರಿ ಅವರ ಹುಟ್ಟೂರು ಯಾವುದು? ಅವರು ಸಿಕ್ಕಿಂನವರೇ, ದೆಹಲಿಯವರೇ?

ಅವರು ಹುಟ್ಟಿದ್ದು 1984ರ ಆಗಸ್ಟ್ 3ರಂದು, ಸಿಕಂದರಾಬಾದಿನಲ್ಲಿ. ತಂದೆ ಭಾರತೀಯ ಸೇನೆಯಲ್ಲಿದ್ದರು. ಸೇನೆಯವರ ಮಕ್ಕಳಿಗೆ ಊರು ಎಂಬುದು ತಂದೆಯ ವರ್ಗಾವಣೆ ಆದೇಶದ ಜೊತೆ ಬದಲಾಗುತ್ತಿರುತ್ತದೆ. ಸುನಿಲ್ ಅವರ ಬಾಲ್ಯವೂ ಗ್ಯಾಂಗ್ಟಕ್, ಡಾರ್ಜಿಲಿಂಗ್, ಕೋಲ್ಕತ್ತ, ದೆಹಲಿ ಹೀಗೆ ಹಲವು ಕಡೆ ಹಂಚಿಹೋಯಿತು. ಆದ್ದರಿಂದ ಈ ಪ್ರಶ್ನೆಗೆ ಒಂದೇ ಊರಿನ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಫುಟ್‌ಬಾಲಿನ ಲೆಕ್ಕದಲ್ಲಿ ಮಾತ್ರ ದೆಹಲಿಯೇ ಅವರ ಮೊದಲ ಊರು, ಏಕೆಂದರೆ ಅವರ ಹೆಸರು ಮೊದಲು ಕೇಳಿಬಂದದ್ದು ಅಲ್ಲಿನ ಮೈದಾನಗಳಲ್ಲಿ.

ಮನೆಯಲ್ಲಿ ಫುಟ್‌ಬಾಲ್ ವಾತಾವರಣ ಇತ್ತೇ?

ಇತ್ತು, ಅದೂ ತಾಯಿ ಮತ್ತು ತಂದೆ ಎರಡೂ ಕಡೆಯಿಂದ. ತಂದೆ ಸೇನಾ ತಂಡದ ಪರವಾಗಿ ಆಡಿದವರು. ತಾಯಿ ಮತ್ತು ತಾಯಿಯ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ರಾಷ್ಟ್ರೀಯ ತಂಡದಲ್ಲಿದ್ದವರು. ಭಾರತದ ಅತಿ ಹೆಚ್ಚು ಗೋಲುಗಳ ಆಟಗಾರನ ಬಗ್ಗೆ ಬರೆಯುವವರು ತಂದೆಯ ಆಟವನ್ನು ನೆನೆದಷ್ಟು ತಾಯಿಯ ಆಟವನ್ನು ನೆನೆಯುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ದೇಶವೊಂದರ ಪರವಾಗಿ ಅಂಗಳಕ್ಕಿಳಿಯುವುದು ಏನೆಂದು ಆ ಮನೆಯಲ್ಲಿ ಮೊದಲು ಅರಿತಿದ್ದವರು ತಾಯಿಯೇ.

ವೃತ್ತಿಪರ ಆಟಗಾರನಾಗಬೇಕೆಂಬುದು ಅವರ ಬಾಲ್ಯದ ಕನಸಾಗಿತ್ತೇ?

ಇಲ್ಲ. ಇದನ್ನು ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಚೆನ್ನಾಗಿ ಆಡಿದರೆ ಕ್ರೀಡಾ ಕೋಟಾದಲ್ಲಿ ದೆಹಲಿಯ ಒಳ್ಳೆಯ ಕಾಲೇಜೊಂದರಲ್ಲಿ ಸೀಟು ಸಿಗುತ್ತದೆ ಎಂಬುದಷ್ಟೇ ಆಗಿನ ಯೋಚನೆ. ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಆಟಕ್ಕೆ ಇರುವ ಸ್ಥಾನವೂ ಅಷ್ಟೇ: ಓದಿಗೆ ಒಂದು ಮೆಟ್ಟಿಲು. 2001ರಲ್ಲಿ ಕ್ವಾಲಾಲಂಪುರದಲ್ಲಿ ನಡೆದ ಏಷ್ಯನ್ ಶಾಲಾ ಚಾಂಪಿಯನ್‌ಷಿಪ್‌ಗೆ ಭಾರತದ ತಂಡದಲ್ಲಿ ಅವರು ಹೋದಾಗ ಆ ಲೆಕ್ಕಾಚಾರ ಬದಲಾಗತೊಡಗಿತು. ಅದೇ ಹೊತ್ತಿಗೆ ದೆಹಲಿಯ ಸಿಟಿ ಕ್ಲಬ್ ಪರವಾಗಿಯೂ ಅವರು ಆಡುತ್ತಿದ್ದರು. ಮರುವರ್ಷ ಕಾಲೇಜಿನ ಬದಲು ಕೋಲ್ಕತ್ತದ ದಾರಿ ತೆರೆಯಿತು.

ಹದಿಹರೆಯದ ಹುಡುಗನಿಗೆ ಮೋಹನ್ ಬಾಗಾನ್‌ನಂಥ ಕ್ಲಬ್ ಸಿಕ್ಕಿದ್ದು ಎಷ್ಟು ದೊಡ್ಡ ವಿಷಯ?

ಮೋಹನ್ ಬಾಗಾನ್ ಬಂಗಾಳದಲ್ಲಿ ಒಂದು ಕ್ಲಬ್ಬಿಗಿಂತ ಹೆಚ್ಚಿನದು. 1911ರಲ್ಲಿ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ತಂಡವನ್ನು ಸೋಲಿಸಿದ ನೆನಪು ಅಲ್ಲಿ ಇಂದಿಗೂ ಜೀವಂತ. ಈಸ್ಟ್ ಬೆಂಗಾಲ್ ಜೊತೆಗಿನ ಅದರ ಪೈಪೋಟಿಗೆ ಸೇರುವ ಜನರ ಲೆಕ್ಕ ಕೇಳಿದರೆ ನಂಬುವುದು ಕಷ್ಟ: 1997ರ ಫೆಡರೇಷನ್ ಕಪ್ ಸೆಮಿಫೈನಲ್‌ನಲ್ಲಿ ಈ ಎರಡು ತಂಡಗಳು ಎದುರಾದಾಗ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ 1.30 ಲಕ್ಷಕ್ಕೂ ಹೆಚ್ಚು ಜನ ಕಿಕ್ಕಿರಿದಿದ್ದರು. ಅಂಥ ಕ್ಲಬ್ಬಿಗೆ ಚೆಟ್ರಿ 2002ರಲ್ಲಿ ಸೇರಿದರು. ಆಗ ತರಬೇತುದಾರರಾಗಿದ್ದವರು ಸುಬ್ರತ ಭಟ್ಟಾಚಾರ್ಯ. ಸ್ವತಃ ಅದೇ ಕ್ಲಬ್ಬಿನ ರಕ್ಷಣಾ ವಿಭಾಗವನ್ನು ವರ್ಷಾನುಗಟ್ಟಲೆ ಕಾಯ್ದವರು, ಶಿಸ್ತಿನ ಮನುಷ್ಯ. ಮುಂದೆ 2017ರಲ್ಲಿ ಭಟ್ಟಾಚಾರ್ಯ ಅವರ ಮಗಳನ್ನೇ ಚೆಟ್ರಿ ಮದುವೆಯಾದರು ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ 2002ರಲ್ಲಿ ಆ ಸಂಬಂಧ ಗುರು ಮತ್ತು ಅಂಜುವ ಶಿಷ್ಯನದಾಗಿತ್ತು.

ಅದೇ ತಂಡದಲ್ಲಿ ಬ್ರೆಜಿಲ್‌ನ ಜೋಸ್ ರಮಿರೆಜ್ ಬರೆಟೊ ಇದ್ದರು, ಇಂಗ್ಲೆಂಡಿನಿಂದ ಮರಳಿದ ಬೈಚುಂಗ್ ಭುಟಿಯಾ ಇದ್ದರು. ಹದಿನೆಂಟು ತುಂಬುತ್ತಿದ್ದ ಹುಡುಗನಿಗೆ ಅಭ್ಯಾಸದ ವೇಳೆಯಲ್ಲೇ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಿರಲಿಲ್ಲ. ಆದರೆ ಅದೇ ಕಾರಣಕ್ಕೆ ಪಂದ್ಯದ ದಿನ ಹನ್ನೊಂದರ ಪಟ್ಟಿಯಲ್ಲಿ ಹೆಸರು ಹುಡುಕಬೇಕಾಗಿತ್ತು.

ಹಾಗಾದರೆ ಕೋಲ್ಕತ್ತದ ಆ ಮೊದಲ ಮೂರು ವರ್ಷಗಳು ವಿಫಲವಾದವೇ?

ವಿಫಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅವು ಸುಖದ ವರ್ಷಗಳೂ ಆಗಿರಲಿಲ್ಲ. 2002ರಿಂದ 2005ರವರೆಗಿನ ಮೂರು ಋತುಗಳಲ್ಲಿ ರಾಷ್ಟ್ರೀಯ ಲೀಗ್‌ನಲ್ಲಿ ಅವರ ಲೆಕ್ಕ 18 ಪಂದ್ಯ, 8 ಗೋಲು. ಗೋಲುಗಳ ಸಂಖ್ಯೆ ನೋಡಿ ನಿರಾಶರಾಗುವವರು ಅದರ ಪಕ್ಕದ ಸಂಖ್ಯೆಯನ್ನು ಗಮನಿಸಬೇಕು. ಮೂರು ಋತುಗಳಿಗೆ ಹದಿನೆಂಟು ಪಂದ್ಯ ಎಂದರೆ ಋತುವಿಗೆ ಆರು. ಎರಡು ಪಂದ್ಯಗಳಿಗೆ ಒಂದಕ್ಕೆ ಹತ್ತಿರದ ಗೋಲು ಸರಾಸರಿ ಯಾವ ಯುವ ಆಟಗಾರನಿಗೂ ಕಡಿಮೆಯಲ್ಲ. ಕಡಿಮೆ ಇದ್ದದ್ದು ಆಡಲು ಸಿಕ್ಕ ಸಮಯ.

ಇದಕ್ಕೆ ಎರಡು ಕಾರಣ. ಮೊದಲನೆಯದು ಕ್ಲಬ್ಬಿನ ಆಗಿನ ಪರಿಸ್ಥಿತಿ. ಮೋಹನ್ ಬಾಗಾನ್ ಆ ಋತುಗಳಲ್ಲಿ ರಾಷ್ಟ್ರೀಯ ಲೀಗ್ ಪಟ್ಟಿಯ ಕೆಳಭಾಗದಲ್ಲಿ ತೊಳಲಾಡುತ್ತಿತ್ತು, ಏಳನೇ, ಒಂಬತ್ತನೇ ಸ್ಥಾನಗಳಲ್ಲಿ ಮುಗಿಸುತ್ತಿತ್ತು. ಗೆಲ್ಲುತ್ತಿರುವ ತಂಡ ಹುಡುಗನೊಬ್ಬನ ತಪ್ಪನ್ನು ಸಹಿಸಿಕೊಳ್ಳಬಲ್ಲದು. ಸೋಲುತ್ತಿರುವ ತಂಡಕ್ಕೆ, ಅದೂ ಲಕ್ಷಾಂತರ ಅಭಿಮಾನಿಗಳು ಪ್ರತಿ ಸೋಲಿಗೂ ಉತ್ತರ ಕೇಳುವ ತಂಡಕ್ಕೆ, ಆ ತಾಳ್ಮೆ ಇರುವುದಿಲ್ಲ.

ಎರಡನೆಯ ಕಾರಣ ಇನ್ನೂ ಆಳವಾದದ್ದು, ಇಂದಿಗೂ ಪೂರ್ತಿ ಬಗೆಹರಿಯದದ್ದು. ಭಾರತದ ಕ್ಲಬ್ಬುಗಳು ವಿದೇಶಿ ಆಟಗಾರರಿಗೆ ಹಣ ಸುರಿಯುವಾಗ ಮೊದಲು ಕೊಳ್ಳುವುದು ಗೋಲು ಹೊಡೆಯುವವನನ್ನು. ತಂಡದ ಅತ್ಯಂತ ಮುಂದಿನ ಜಾಗ, ಅಂದರೆ ಒಂಬತ್ತನೇ ಸಂಖ್ಯೆಯ ಅಂಗಿ ತೊಟ್ಟವನ ಜಾಗ, ಹೀಗೆ ಮೊದಲೇ ಭರ್ತಿಯಾಗಿರುತ್ತದೆ. ಭಾರತೀಯ ಮುನ್ಪಡೆ ಹುಡುಗನಿಗೆ ಉಳಿಯುವುದು ಅಂಚಿನ ಜಾಗ, ಇಲ್ಲವೇ ಕೊನೆಯ ಹದಿನೈದು ನಿಮಿಷ. ಗೋಲ್‌ಕೀಪರನಿಗೋ ರಕ್ಷಣಾ ಆಟಗಾರನಿಗೋ ಅಭ್ಯಾಸದಲ್ಲಿ ಕಲಿಯಬಹುದಾದದ್ದು ಬಹಳಷ್ಟಿದೆ. ಆದರೆ ಗೋಲಿನ ಮುಂದೆ ಅರೆಕ್ಷಣದಲ್ಲಿ ತೀರ್ಮಾನ ತೆಗೆದುಕೊಳ್ಳುವುದನ್ನು ನಿಜವಾದ ಪಂದ್ಯವಲ್ಲದೆ ಬೇರೆ ಯಾವುದೂ ಕಲಿಸುವುದಿಲ್ಲ. ಚೆಟ್ರಿ ಅವರ ಆರಂಭದ ಕಥೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಸಂಗತಿ ಇದೇ. ಅವರ ಪ್ರತಿಭೆ 2002ರಲ್ಲೂ ಇತ್ತು, ಪಂದ್ಯಗಳು ಸಿಕ್ಕಿದ್ದು 2005ರ ನಂತರ.

ಜೆಸಿಟಿ ಎಂದರೆ ಏನು? ದೊಡ್ಡ ಕ್ಲಬ್ ಬಿಟ್ಟು ಅವರು ಪಂಜಾಬಿಗೆ ಏಕೆ ಹೋದರು?

ಈಗಿನ ಓದುಗರಿಗೆ ಆ ಹೆಸರು ಅಪರಿಚಿತವಾದರೆ ಆಶ್ಚರ್ಯವಿಲ್ಲ, ಆ ತಂಡವೇ ಈಗಿಲ್ಲ. ಜೆಸಿಟಿ ಎಂಬುದು ಪಂಜಾಬಿನ ಫಗವಾಡದ ಜಗತ್‌ಜಿತ್ ಹತ್ತಿ ಮತ್ತು ಜವಳಿ ಗಿರಣಿಯ ತಂಡ. 1996–97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಇದೇ ತಂಡ. ಐ.ಎಂ. ವಿಜಯನ್, ಬೈಚುಂಗ್ ಅವರ ಜೊತೆ ಆ ತಂಡದ ನಡುಭಾಗವನ್ನು ಆಳಿದವರು ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. 2020ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡಾಗ ಬೆಂಗಳೂರಿನ ಹಳೆಯ ಫುಟ್‌ಬಾಲ್ ಬಡಾವಣೆಗಳು ಮರುಗಿದ್ದನ್ನು ಬಲ್ಲವರು ಬಲ್ಲರು. ಕರ್ನಾಟಕದ ಆಟಗಾರನೊಬ್ಬ ಎತ್ತರಕ್ಕೆ ಒಯ್ದ ತಂಡದಲ್ಲಿಯೇ ಎಂಟು ವರ್ಷಗಳ ನಂತರ ಚೆಟ್ರಿ ಬಂದು ಬೆಳೆದರು.

ಫಗವಾಡದಲ್ಲಿ ಕೋಲ್ಕತ್ತದ ಜನಸಾಗರ ಇರಲಿಲ್ಲ. ಪತ್ರಿಕೆಗಳ ಕಣ್ಣೂ ಅಷ್ಟಾಗಿ ಇರಲಿಲ್ಲ. ಇದ್ದದ್ದು ನೆಮ್ಮದಿ, ಆಟಗಾರನನ್ನು ದುಡಿಸಿಕೊಳ್ಳುವ ಗಟ್ಟಿ ಪದ್ಧತಿ, ಸುಖ್ವಿಂದರ್ ಸಿಂಗ್ ಎಂಬ ತರಬೇತುದಾರರ ನಂಬಿಕೆ. 2005ರಿಂದ 2008ರವರೆಗಿನ ಮೂರು ಋತುಗಳಲ್ಲಿ ಚೆಟ್ರಿ ಲೀಗ್‌ನಲ್ಲಿ 48 ಪಂದ್ಯ ಆಡಿ 21 ಗೋಲು ಹೊಡೆದರು. ಮೋಹನ್ ಬಾಗಾನ್‌ನ ಹದಿನೆಂಟನ್ನು ಇದರ ಪಕ್ಕ ಇಟ್ಟು ನೋಡಿ. ಋತುವಿಗೆ ಆರು ಪಂದ್ಯ ಆಡುತ್ತಿದ್ದವನು ಹದಿನಾರು ಆಡತೊಡಗಿದ. ಗೋಲು ಸರಾಸರಿ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಅಂದರೆ ಹುಡುಗ ದಿಢೀರನೆ ಬೇರೆಯವನಾಗಲಿಲ್ಲ, ಅವನನ್ನು ಆಡಿಸಿದರು ಅಷ್ಟೆ. 2006–07ರಲ್ಲಿ ಜೆಸಿಟಿ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2007ರ ವರ್ಷದ ಆಟಗಾರ ಪ್ರಶಸ್ತಿಯನ್ನು ಚೆಟ್ರಿ ಅವರಿಗೆ ಕೊಟ್ಟಿತು. ಮುಂದೆ ಹಲವು ಬಾರಿ ಬಂದ ಪ್ರಶಸ್ತಿಗೆ ಅದು ಮೊದಲ ಸಲ.

ಗಿರಣಿಯ ಮಾಲೀಕರು 2011ರಲ್ಲಿ ತಂಡವನ್ನು ಮುಚ್ಚಿದರು. ದೇಶದ ಇಬ್ಬರು ಮೂವರು ಅತ್ಯುತ್ತಮ ಮುನ್ಪಡೆ ಆಟಗಾರರನ್ನು ಬೆಳೆಸಿದ ತಂಡವೊಂದು ಹಾಗೆ ಸದ್ದಿಲ್ಲದೆ ಕಣ್ಮರೆಯಾದದ್ದು ಭಾರತೀಯ ಫುಟ್‌ಬಾಲಿಗೆ ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಭಾರತದ ಪರ ಮೊದಲ ಪಂದ್ಯ ಮತ್ತು ಮೊದಲ ಗೋಲು ಯಾವಾಗ?

ಎರಡೂ ಒಂದೇ ದಿನ: 2005ರ ಜೂನ್ 12, ಪಾಕಿಸ್ತಾನದ ಕ್ವೆಟ್ಟಾದಲ್ಲಿ, ಆತಿಥೇಯ ಪಾಕಿಸ್ತಾನದ ವಿರುದ್ಧ. ಅದಕ್ಕೆ ಒಂದು ವರ್ಷ ಮೊದಲು, 2004ರಲ್ಲಿ, ಇಸ್ಲಾಮಾಬಾದಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ 23 ವರ್ಷದೊಳಗಿನವರ ತಂಡದಲ್ಲಿ ಆಡಿ ಅವರು ಬೆಳ್ಳಿ ಪದಕದೊಡನೆ ಮರಳಿದ್ದರು. ಆದರೆ ಹಿರಿಯರ ತಂಡದ ಮಾತೇ ಬೇರೆ. ಆಗ ರಾಷ್ಟ್ರೀಯ ತಂಡದ ಹೊಣೆಯೂ ಸುಖ್ವಿಂದರ್ ಸಿಂಗ್ ಅವರದೇ ಆಗಿತ್ತು. ತನಗೂ ಸೈಯದ್ ರಹೀಂ ನಬಿ ಅವರಿಗೂ ಅಂದು ಆಡುವ ಅವಕಾಶ ಸಿಗುವುದಿಲ್ಲವೆಂದೇ ಅಂದುಕೊಂಡಿದ್ದೆವು, ಕೋಚ್ ಇಬ್ಬರನ್ನೂ ಇಳಿಸಿಬಿಟ್ಟರು ಎಂದು ಚೆಟ್ರಿ ನೆನಪಿಸಿಕೊಂಡಿದ್ದಾರೆ.

ದ್ವಿತೀಯಾರ್ಧದಲ್ಲಿ ಗೋಲು ಬಂತು. ಇಪ್ಪತ್ತರ ಹುಡುಗ ಸಂಭ್ರಮದ ಭರದಲ್ಲಿ ಓಡಿದ್ದು ಎಲ್ಲಿಗೆ ಎಂದರೆ, ಪಾಕಿಸ್ತಾನದ ಬೆಂಬಲಿಗರು ತುಂಬಿದ್ದ ಗ್ಯಾಲರಿಯ ಕಡೆಗೆ. ಪಂದ್ಯ ಕೊನೆಗೆ 1–1ರಲ್ಲಿ ಮುಗಿಯಿತು. ತಾನು ಯಾರ ಮುಂದೆ ನಿಂತು ಕುಣಿಯುತ್ತಿದ್ದೇನೆ ಎಂಬುದು ಹೊಳೆಯದಷ್ಟು ಹುಮ್ಮಸ್ಸು ಆ ವಯಸ್ಸಿನದು. 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅವರು ಮೊದಲ ಬಾರಿ ಬೀಳ್ಕೊಡುಗೆ ಪಡೆದಾಗ ಅಂತರರಾಷ್ಟ್ರೀಯ ಗೋಲುಗಳ ಸಂಖ್ಯೆ 94 ಆಗಿತ್ತು. ಆ ಸಾಲಿನ ಮೊದಲನೆಯದು ಹೀಗೆ, ಎದುರಾಳಿಯ ಅಂಗಳದಲ್ಲಿ ಬಂದದ್ದು.

ದೇಶ ಅವರನ್ನು ಗುರುತಿಸಿದ್ದು ಯಾವ ಪಂದ್ಯದಿಂದ?

ಫುಟ್‌ಬಾಲ್ ನೋಡುವವರು 2007ರ ನೆಹರೂ ಕಪ್‌ನಲ್ಲೇ ಗುರುತಿಸಿದ್ದರು. ಇಂಗ್ಲೆಂಡಿನ ಬಾಬ್ ಹೌಟನ್ ತರಬೇತಿಯಲ್ಲಿ ಭಾರತ ಆ ಕಪ್ಪನ್ನು ಮೊದಲ ಬಾರಿ ಗೆದ್ದಿತು. ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದ ಫೈನಲ್‌ನಲ್ಲಿ ಸಿರಿಯಾವನ್ನು ಮಣಿಸಿದ ಏಕೈಕ ಗೋಲು ಎನ್.ಪಿ. ಪ್ರದೀಪ್ ಅವರದು. ಟೂರ್ನಿಯಲ್ಲಿ ಚೆಟ್ರಿ ನಾಲ್ಕು ಗೋಲು ಹೊಡೆದಿದ್ದರು.

ಎಲ್ಲರೂ ಗುರುತಿಸಿದ್ದು ಮರುವರ್ಷ, ಏಷ್ಯಾದ ಫುಟ್‌ಬಾಲ್ ಒಕ್ಕೂಟ (ಎಎಫ್‌ಸಿ) ನಡೆಸುತ್ತಿದ್ದ ಚಾಲೆಂಜ್ ಕಪ್‌ನ 2008ರ ಟೂರ್ನಿಯಲ್ಲಿ. ಈ ಟೂರ್ನಿಯ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಗೆದ್ದ ತಂಡಕ್ಕೆ 2011ರ ಏಷ್ಯಾ ಕಪ್‌ಗೆ ನೇರ ಪ್ರವೇಶವಿತ್ತು. ಭಾರತ ಏಷ್ಯಾ ಕಪ್‌ನಲ್ಲಿ ಅದಕ್ಕೂ ಮುನ್ನ ಆಡಿದ್ದು 1984ರಲ್ಲಿ, ಚೆಟ್ರಿ ಹುಟ್ಟಿದ ವರ್ಷ. ಒಂದು ಇಡೀ ಪೀಳಿಗೆಯ ಆಟಗಾರರು ಖಂಡದ ದೊಡ್ಡ ವೇದಿಕೆಯನ್ನು ಕಾಣದೆ ನಿವೃತ್ತರಾಗಿದ್ದರು. ಹೈದರಾಬಾದಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಮ್ಯಾನ್ಮಾರ್ ಗೋಡೆಯಂತೆ ನಿಂತಿತ್ತು. ಆಟ ಮುಗಿಯುವ ಹೊತ್ತು ಹತ್ತಿರವಾದಾಗ ಚೆಟ್ರಿ ಅವರ ಗೋಲು ಭಾರತವನ್ನು ಫೈನಲ್‌ಗೆ ದಾಟಿಸಿತು. ಹುಟ್ಟಿದ ಊರಿನ ಮಗ್ಗುಲಲ್ಲೇ ಹೊಡೆದ ಗೋಲು ಅದು.

ಆಗಸ್ಟ್ 13ರಂದು ದೆಹಲಿಯಲ್ಲಿ ಫೈನಲ್, ಎದುರಾಳಿ ತಜಿಕಿಸ್ತಾನ. ಒಂಬತ್ತನೇ ನಿಮಿಷಕ್ಕೆ ಚೆಟ್ರಿ, ಹದಿನೆಂಟಕ್ಕೆ ಬೈಚುಂಗ್, ಇಪ್ಪತ್ತಮೂರಕ್ಕೆ ಮತ್ತೆ ಚೆಟ್ರಿ. ಅರ್ಧ ಗಂಟೆಯೊಳಗೆ 3–0. ವಿರಾಮಕ್ಕೆ ಮುಂಚೆ ತಜಿಕಿಸ್ತಾನ ಒಂದನ್ನು ಹಿಂದಿರುಗಿಸಿತಾದರೂ, 75ನೇ ನಿಮಿಷದಲ್ಲಿ ಚೆಟ್ರಿ ಹ್ಯಾಟ್ರಿಕ್ ಪೂರೈಸಿ 4–1ಕ್ಕೆ ಮುಗಿಸಿದರು. ದೊಡ್ಡ ಪಂದ್ಯದ ಭಾರ ಹೊತ್ತು ಗೋಲು ಹೊಡೆಯುವವನೇ ನಿಜವಾದ ಫಾರ್ವರ್ಡ್ ಎಂದು ನಂಬುವವರಿಗೆ ಆ ಸಂಜೆಯ ನಂತರ ಅನುಮಾನ ಉಳಿಯಲಿಲ್ಲ. ಆಗ ಅವರಿಗೆ ಸರಿಯಾಗಿ 24 ವರ್ಷ, ಹತ್ತು ದಿನ.

ಬೈಚುಂಗ್ ಭುಟಿಯಾ ಅವರ ಜಾಗಕ್ಕೆ ಬಂದವರು ಚೆಟ್ರಿ ಎನ್ನುವುದು ಸರಿಯೇ?

ನಿವೃತ್ತಿಯ ದಿನಾಂಕ ನೋಡಿದರೆ ಸರಿ, ಬೈಚುಂಗ್ 2011ರಲ್ಲಿ ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಆದರೆ ಅದಕ್ಕೂ ಮುನ್ನ ಇಬ್ಬರೂ ಆರು ವರ್ಷ ಜೊತೆಯಾಗಿ ಆಡಿದ್ದಾರೆ, ಮೇಲೆ ಹೇಳಿದ ಫೈನಲ್ ಅದಕ್ಕೆ ಸಾಕ್ಷಿ. ಬೈಚುಂಗ್ ರಕ್ಷಣಾ ಆಟಗಾರರನ್ನು ತಮ್ಮತ್ತ ಸೆಳೆದು ನಿಂತರೆ, ಚೆಟ್ರಿ ಆ ತೆರವಾದ ಜಾಗದೊಳಕ್ಕೆ ನುಗ್ಗುತ್ತಿದ್ದರು.

ಎತ್ತರ ಕಡಿಮೆಯಿರುವ ಅವರು ತಲೆಯಿಂದ ಅಷ್ಟೊಂದು ಗೋಲು ಹೊಡೆದದ್ದು ಹೇಗೆ?

ಚೆಟ್ರಿ ಅವರ ಎತ್ತರ ಸುಮಾರು 170 ಸೆಂಟಿಮೀಟರ್. ಆರಡಿ ಮೀರಿದ ರಕ್ಷಣಾ ಆಟಗಾರರ ನಡುವೆ ಅದು ಕಡಿಮೆಯೇ. ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತು, ಚೆಂಡನ್ನು ಬಿಟ್ಟು ಅವರೊಬ್ಬರನ್ನೇ ಹತ್ತು ನಿಮಿಷ ನೋಡಿದಾಗ.

ಚೆಂಡು ಇನ್ನೂ ಅಂಚಿನಲ್ಲಿರುವಾಗ ಅವರು ಗೋಲಿನ ಕಡೆ ಓಡುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಕತ್ತು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತದೆ. ರಕ್ಷಣಾ ಆಟಗಾರ ಚೆಂಡನ್ನು ನೋಡಲು ತಲೆ ತಿರುಗಿಸಿದ ಆ ಒಂದು ಗಳಿಗೆಯಲ್ಲಿ ಅವನ ಬೆನ್ನ ಹಿಂದಿನಿಂದ ಹೊರಟು ಮುಂದಕ್ಕೆ ಬಂದುಬಿಡುತ್ತಾರೆ. ಎದುರಾಳಿ ನೆಗೆಯಲು ಮಂಡಿ ಬಗ್ಗಿಸುವ ಹೊತ್ತಿಗೆ ಇವರು ಆಗಲೇ ಗಾಳಿಯಲ್ಲಿ. ಎತ್ತರದವನು ತಡವಾಗಿ ನೆಗೆದರೆ ಅವನ ಎತ್ತರ ಕೆಲಸಕ್ಕೆ ಬರುವುದಿಲ್ಲ. ಇದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಮುಂದಿನ ಜಾಗ ವಿದೇಶಿ ಸ್ಟ್ರೈಕರನ ಪಾಲಾಗಿದ್ದ ಆರಂಭದ ವರ್ಷಗಳಲ್ಲಿ, ಎಡ ಅಂಚಿನಲ್ಲಿ ನಿಂತು ಒಳಕ್ಕೆ ನುಗ್ಗುವುದನ್ನೇ ಅವರು ರೂಢಿಸಿಕೊಳ್ಳಬೇಕಾಯಿತು. ಎಡದಿಂದ ಒಳಕ್ಕೆ ತಿರುಗಿ ಬಲಗಾಲಿನಿಂದ ದೂರದ ಕಂಬದತ್ತ ಚೆಂಡನ್ನು ಬಾಗಿಸುವ ಅವರ ಹೊಡೆತದ ಮೂಲವೂ ಅಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಇಂಗ್ಲೆಂಡಿನಲ್ಲಿ ಆಡುವ ಅವಕಾಶ ತಪ್ಪಿದ್ದು ಏಕೆ?

2008–09ರ ಋತುವಿನಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿ 14 ಲೀಗ್ ಪಂದ್ಯಗಳಲ್ಲಿ 9 ಗೋಲು ಹೊಡೆದಿದ್ದರು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರೊಡನೆ ಒಪ್ಪಂದಕ್ಕೆ ಮುಂದಾಯಿತು. ಕ್ಲಬ್ ಒಪ್ಪಿತ್ತು, ಆಟಗಾರ ಒಪ್ಪಿದ್ದರು. ಒಪ್ಪದೇ ಇದ್ದದ್ದು ನಿಯಮ. ಬ್ರಿಟನ್ನಿನಲ್ಲಿ ವಿದೇಶಿ ಆಟಗಾರನಿಗೆ ಕೆಲಸದ ಪರವಾನಗಿ ಸಿಗಬೇಕಾದರೆ ಅವನ ದೇಶ ಫಿಫಾ ರ್‍ಯಾಂಕಿಂಗ್‌ನಲ್ಲಿ ಮೊದಲ 70ರೊಳಗೆ ಇರಬೇಕಾಗಿತ್ತು. ಭಾರತ ಆಗ ಮೊದಲ ನೂರರಲ್ಲೂ ಇರಲಿಲ್ಲ.

ಈ ನಿಯಮದ ಪರಿಣಾಮವನ್ನು ಯೋಚಿಸಿ ನೋಡಬೇಕು. ಆಟಗಾರ ಎಷ್ಟು ಒಳ್ಳೆಯವನು ಎಂದು ಅದು ಕೇಳುತ್ತಿರಲಿಲ್ಲ, ಅವನ ಜೊತೆಗಾರರು ಎಷ್ಟು ಒಳ್ಳೆಯವರು ಎಂದು ಕೇಳುತ್ತಿತ್ತು. ಹೊರಗೆ ಹೋಗಿ ಆಡದೆ ಭಾರತದ ಆಟಗಾರರು ಬೆಳೆಯುವುದು ಕಷ್ಟ, ಬೆಳೆಯದೆ ರ್‍ಯಾಂಕಿಂಗ್ ಏರುವುದಿಲ್ಲ, ರ್‍ಯಾಂಕಿಂಗ್ ಏರದೆ ಹೊರಗೆ ಹೋಗುವಂತಿರಲಿಲ್ಲ. 25ರ ಹರೆಯ ಒಬ್ಬ ಫಾರ್ವರ್ಡ್‌ಗೆ ಅತ್ಯುತ್ತಮ ಕಾಲ. ಆ ಕಾಲದಲ್ಲಿ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಎರಡು ವರ್ಷ ಕಳೆದಿದ್ದರೆ ಅವರು ಎಂಥ ಆಟಗಾರನಾಗಿ ಮರಳುತ್ತಿದ್ದರೋ ಎಂಬ ಹಳಹಳಿ ನನ್ನಲ್ಲಿ ಇಂದಿಗೂ ಇದೆ. ಅವರು ಮಾತ್ರ ಗೋವಾಕ್ಕೆ ಹೋಗಿ ಡೆಂಪೊ ಸೇರಿ ಆಡತೊಡಗಿದರು.

ಅಮೆರಿಕದಲ್ಲಿ ಅವರು ಆಡಿದ್ದು ನಿಜವೇ?

ನಿಜ. 2010ರ ಮಾರ್ಚ್‌ನಲ್ಲಿ, ಡೆಂಪೊ ಜೊತೆಗಿನ ಋತು ಇನ್ನೂ ಮುಗಿಯದಿರುವಾಗಲೇ, ಮೇಜರ್ ಲೀಗ್ ಸಾಕರ್‌ನ ಕಾನ್ಸಾಸ್ ಸಿಟಿ ವಿಜರ್ಡ್ಸ್ ಅವರನ್ನು ಕರೆದುಕೊಂಡಿತು. 1936ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ಗಾಗಿ ಬರಿಗಾಲಿನಲ್ಲಿ ಆಡಿ ಬೆರಗು ಮೂಡಿಸಿದ ಮೊಹಮ್ಮದ್ ಸಲೀಂ, 1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್ ಸೇರಿದ ಬೈಚುಂಗ್ ಅವರ ಸಾಲಿಗೆ ಅವರ ಹೆಸರೂ ಸೇರಿತು. ಏಪ್ರಿಲ್‌ನಲ್ಲಿ ಯುಎಸ್ ಓಪನ್ ಕಪ್ ಪಂದ್ಯದಲ್ಲಿ ಕೊಲರಾಡೊ ರಾಪಿಡ್ಸ್ ವಿರುದ್ಧ ಮೊದಲ ಬಾರಿ ಕಣಕ್ಕಿಳಿದರು. ಆದರೆ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವೂ ಸಿಗಲಿಲ್ಲ. ವರ್ಷ ಮುಗಿಯುವ ಮುನ್ನವೇ ಏಷ್ಯಾ ಕಪ್ ಸಿದ್ಧತೆಗಾಗಿ ಭಾರತ ತಂಡವನ್ನು ಕೂಡಿಕೊಂಡರು.

ಆ ಏಷ್ಯಾ ಕಪ್ ಏನಾಯಿತು?

2011ರ ಜನವರಿಯಲ್ಲಿ ದೋಹಾದಲ್ಲಿ ಭಾರತ ಮೂರೂ ಪಂದ್ಯ ಸೋತಿತು: ಆಸ್ಟ್ರೇಲಿಯಾಕ್ಕೆ 0–4, ಬಹರೇನ್‌ಗೆ 2–5, ದಕ್ಷಿಣ ಕೊರಿಯಾಕ್ಕೆ 1–4. ಭಾರತ ಹೊಡೆದ ಮೂರು ಗೋಲುಗಳಲ್ಲಿ ಎರಡು ಚೆಟ್ರಿ ಅವರವು, ಕೊರಿಯಾ ವಿರುದ್ಧದ್ದು ಪೆನಾಲ್ಟಿಯಿಂದ. ಕ್ಲಬ್ ಮಟ್ಟದಲ್ಲಿ ಹಿಂದಿನ ವರ್ಷದ ಬಹುಪಾಲು ಬೆಂಚಿನಲ್ಲಿ ಕುಳಿತಿದ್ದ ಆಟಗಾರನ ಕೈಯಲ್ಲಿ ಆದ ಕೆಲಸ ಇದು ಎಂಬುದನ್ನು ಮರೆಯಬಾರದು.

‘ಸ್ಪೋರ್ಟಿಂಗ್’ ಪರ ಆಡಿದರು ಎನ್ನುತ್ತಾರಲ್ಲ, ಅದು ಅಮೆರಿಕದ ತಂಡವೋ ಪೋರ್ಚುಗಲ್ ತಂಡವೋ?

ಗೊಂದಲಕ್ಕೆ ಕಾರಣವಿದೆ. ಕಾನ್ಸಾಸ್ ಸಿಟಿ ವಿಜರ್ಡ್ಸ್ ತನ್ನ ಹೆಸರನ್ನು ಮುಂದೆ ಸ್ಪೋರ್ಟಿಂಗ್ ಕಾನ್ಸಾಸ್ ಸಿಟಿ ಎಂದು ಬದಲಿಸಿಕೊಂಡಿತು. ಜನರು ಹೇಳುವ ಸ್ಪೋರ್ಟಿಂಗ್ ಅದಲ್ಲ, ಪೋರ್ಚುಗಲ್ ರಾಜಧಾನಿ ಲಿಸ್ಬನ್ನಿನದು, ಕ್ರಿಸ್ಟಿಯಾನೊ ರೊನಾಲ್ಡೊ ಬೆಳೆದುಬಂದ ಕ್ಲಬ್. 2012ರಲ್ಲಿ ಚೆಟ್ರಿ ಅಲ್ಲಿಗೆ ಹೋದರು. ಮುಖ್ಯ ತಂಡದಲ್ಲಿ ಜಾಗ ಸಿಗದೆ, ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಬಿ ತಂಡದ ಪರವಾಗಿ ಮೂರು ಪಂದ್ಯ ಆಡಿ, 2013ರ ಆರಂಭದಲ್ಲಿ ಎರವಲಿನ ಮೇಲೆ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಬಂದರು. ಚರ್ಚಿಲ್ ಆ ಋತುವಿನ ಐ–ಲೀಗ್, ಅಂದರೆ ಆಗಿನ ರಾಷ್ಟ್ರೀಯ ಲೀಗ್, ಗೆದ್ದಿತು.

ಇಷ್ಟೊಂದು ಕ್ಲಬ್ ಬದಲಿಸಿದ್ದು ಚಂಚಲತೆ ಅಲ್ಲವೇ?

ಹೊರಗಿನಿಂದ ಹಾಗೆ ಕಾಣಬಹುದು: 2008ರಿಂದ 2013ರೊಳಗೆ ಈಸ್ಟ್ ಬೆಂಗಾಲ್, ಡೆಂಪೊ, ಕಾನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೊಮ್ಮೆ ಮೋಹನ್ ಬಾಗಾನ್, ಸ್ಪೋರ್ಟಿಂಗ್, ಚರ್ಚಿಲ್. ಆದರೆ ಆಗಿನ ಭಾರತದಲ್ಲಿ ಒಪ್ಪಂದಗಳು ಹೆಚ್ಚಾಗಿ ಒಂದು ಋತುವಿನವು, ಕ್ಲಬ್ಬುಗಳ ಆಯಸ್ಸಿಗೂ ಭರವಸೆ ಇರಲಿಲ್ಲ. ಎರಡು ಬಾರಿ ವಿದೇಶದ ಬಾಗಿಲು ತಟ್ಟಿ ಮರಳಿದವನಿಗೆ ಋತುವಿನ ನಡುವೆ ಸಿಕ್ಕ ತಂಡದಲ್ಲಿ ಆಡುವುದೇ ದಾರಿಯಾಗಿತ್ತು. ಚಿರಾಗ್ ಪರ ಅವರು ಆಡಿದ್ದು ಏಳೇ ಲೀಗ್ ಪಂದ್ಯ, ಹೊಡೆದದ್ದು ಏಳು ಗೋಲು. ಮನಸ್ಸು ಚಂಚಲವಾದವನ ಲೆಕ್ಕ ಹೀಗಿರುವುದಿಲ್ಲ. ಒಂದೇ ಕಡೆ ನೆಲೆಯೂರಲು ಅವಕಾಶ ಸಿಕ್ಕ ಮೇಲೆ ಅವರು ಬೆಂಗಳೂರನ್ನು ತಮ್ಮ ಊರನ್ನಾಗಿಯೇ ಮಾಡಿಕೊಂಡರು.

2013ರಲ್ಲಿ ಬೆಂಗಳೂರು ಅವರಿಗೆ ಹೊಸದಾಗಿ ಏನು ಕೊಟ್ಟಿತು?

ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧದ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಈ ಊರಿನವರು, ಅದೇ ತಂಡದ ಅಹಮದ್ ಖಾನ್ ಕೂಡ. ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಲ್ಲಿ ಇಂದಿಗೂ ಹುಡುಗರು ಚೆಂಡು ಒದೆಯುತ್ತಾರೆ. ಆದರೆ ಎಚ್‌ಎಎಲ್ ತಂಡ 2012ರಲ್ಲಿ ಐ–ಲೀಗ್‌ನಿಂದ ಕೆಳಗಿಳಿದ ಮೇಲೆ ರಾಷ್ಟ್ರಮಟ್ಟದಲ್ಲಿ ನಗರದ ಹೆಸರು ಹೇಳುವ ತಂಡ ಇರಲಿಲ್ಲ. ಮರುವರ್ಷ ಬೆಂಗಳೂರು ಎಫ್‌ಸಿ ಹುಟ್ಟಿತು, ಆಶ್ಲೆ ವೆಸ್ಟ್‌ವುಡ್ ತರಬೇತುದಾರರಾದರು, ಚೆಟ್ರಿ ನಾಯಕರಾದರು.

ಇಲ್ಲಿ ಅವರಿಗೆ ಸಿಕ್ಕಿದ್ದು ಹನ್ನೆರಡು ವರ್ಷ ಹುಡುಕಿದ್ದ ಸಂಗತಿಗಳು: ವಾರವಾರವೂ ಪಂದ್ಯ, ತನ್ನ ಸುತ್ತ ಕಟ್ಟಿದ ತಂಡ, ನಾಳೆಯ ಬಗ್ಗೆ ನಿಶ್ಚಿಂತೆ. ಕೋಲ್ಕತ್ತದ ಮೊದಲ ಮೂರು ಋತುಗಳಲ್ಲಿ ಎಂಟು ಗೋಲು ಹೊಡೆದಿದ್ದವರು ಬೆಂಗಳೂರಿನ ಮೊದಲ ಒಂದೇ ಋತುವಿನಲ್ಲಿ ಲೀಗ್‌ನಲ್ಲಿ 14 ಗೋಲು ಹೊಡೆದರು. ತಂಡ ಕಾಲಿಟ್ಟ ವರ್ಷವೇ ಐ–ಲೀಗ್ ಗೆದ್ದಿತು. ಪ್ರಶಸ್ತಿ ಖಚಿತವಾದದ್ದು 2014ರ ಏಪ್ರಿಲ್ 21ರಂದು, ಗೋವಾದ ಫಟೋರ್ಡಾ ಕ್ರೀಡಾಂಗಣದಲ್ಲಿ, 4–2ರ ಗೆಲುವಿನೊಂದಿಗೆ. ಅಂದು ಎದುರಿಗಿದ್ದ ತಂಡ ಡೆಂಪೊ, ನಾಲ್ಕು ವರ್ಷಗಳ ಹಿಂದೆ ಋತುವಿನ ನಡುವೆ ಅವರು ಬಿಟ್ಟು ಅಮೆರಿಕಕ್ಕೆ ಹೊರಟಿದ್ದ ಅದೇ ತಂಡ.